ಜೇನಿಗೆ ಅರ್ಥವಾಗದ ಪದ್ಯ

ಹೆರಿಫರ್ಡ್ ಸೀಮೆಯಲ್ಲಿ ಹಂಫ್ರಿ ವಿಕ್‌ಸ್ಟೆಡ್ ಅನ್ನೋ ಕವಿ ಇದ್ದ. ಕವಿ ಅಂತ ಅವನೇ ಹೇಳ್ಕೊಳ್ತಿದ್ದ. ಅಲ್ಲ ಅನ್ನೋ ಧೈರ್ಯ ಯಾರೂ ಮಾಡ್ತಿರಲಿಲ್ಲ, ಯಾಕಂದ್ರೆ ಅಲ್ಲ ಅಂದವರನ್ನ ಕೂರಿಸಿಕೊಂಡು ಸಾಕ್ಷಿಗೆ ಅಂತ ಒಂದು ಸರ್ಗ ಓದಿಬಿಡ್ತಿದ್ದ. ವಯಸ್ಸು ನಲವತ್ತೇಳು. ಮದುವೆ ಇರಲಿಲ್ಲ, ಹೊಟ್ಟೆ ಇತ್ತು. ಅಪ್ಪ ಬಿಟ್ಟುಹೋದ ಕಲ್ಲಿನ ಮನೆ, ಒಂದು ಸೇಬಿನ ತೋಪು, ಎರಡು ಹುಲ್ಲುಗಾವಲು. ಮಾಡಲೇಬೇಕು ಅನ್ನೋ ಕೆಲಸ ಒಂದೂ ಇಲ್ಲ. ಇಂಥ ಸೌಕರ್ಯದಲ್ಲಿ ಬಿದ್ದ ದೊಡ್ಡಮನುಷ್ಯ ಆ ಕಡೆ ಒಂದೋ ನರಿ ಬೇಟೆಗೆ ಹೋಗ್ತಾನೆ, ಇಲ್ಲಾ ಪದ್ಯ ಬರೀತಾನೆ. ಹಂಫ್ರಿಗೆ ಕುದುರೆ ಕಂಡ್ರೆ ಭಯ.

ಅವನ ದೊಡ್ಡ ಕಾವ್ಯ ಬೇಲಿಗಳ ಮೇಲೆ. ಎಂಟು ಸರ್ಗ. ಬೇಲಿ ಹುಟ್ಟಿದ್ದು, ಬೆಳೆದದ್ದು, ಬೇಲಿಯೊಳಗಿನ ಗುಬ್ಬಿ, ಬೇಲಿಯ ಆಚೆ ಪಕ್ಕದವನ ಬೇಲಿ, ಹೀಗೆ. ವೂಸ್ಟರ್ ಪೇಟೆಯಲ್ಲಿ ನೂರು ಪ್ರತಿ ಅಚ್ಚು ಹಾಕಿಸಿದ್ದ. ನಾಲ್ಕು ಖರ್ಚಾದವು. ಮೂರನ್ನ ಅವನ ಸೋದರತ್ತೆ ಕೊಂಡ್ಕೊಂಡ್ಲು. ನಾಲ್ಕನೆಯದನ್ನ ಅಚ್ಚುಮನೆಯ ಮುದುಕನೇ ಇಟ್ಕೊಂಡ, ಅವನ ಮೇಜಿನ ಒಂದು ಕಾಲು ಕುಂಟ್ತಿತ್ತಂತೆ.

ಆದರೂ ಅವನ ಕಾವ್ಯಕ್ಕೆ ಶಕ್ತಿ ಇರಲಿಲ್ಲ ಅಂತ ಮಾತ್ರ ಹೇಳಬೇಡಿ. ಒಂದು ಮಧ್ಯಾಹ್ನ ಸೂಜಿ ದಾರ ಮಾರೋನು ಒಬ್ಬ ಮನೆಗೆ ಬಂದ. ಹಂಫ್ರಿ ಅವನನ್ನ ಒಳಗೆ ಕರೆದು ಎರಡನೇ ಸರ್ಗ ಓದಿದ. ಅರ್ಧಕ್ಕೆ ಬರೋ ಹೊತ್ತಿಗೆ ಆ ಮನುಷ್ಯ ಗಳಗಳ ಅತ್ತು, ಚೀಲದ ತಳದಿಂದ ಐದು ಬೆಳ್ಳಿ ಚಮಚ ತೆಗೆದು ಮೇಜಿನ ಮೇಲಿಟ್ಟು, "ಕದ್ದಿದ್ದು ನಿಜ, ಇನ್ನು ಸಾಕು ಮಾಡಿ" ಅಂದನಂತೆ. ಚಮಚ ಯಾರದ್ದೋ, ಇವತ್ತಿಗೂ ಗೊತ್ತಿಲ್ಲ.

ಹಂಫ್ರಿಗೆ ಇದ್ದದ್ದು ಒಂದೇ ದೋಷ. ಯಾವುದನ್ನೂ ಅದರ ಹೆಸರು ಹಿಡಿದು ಕರೀತಿರಲಿಲ್ಲ. ಕುರಿ ಅಂದ್ರೆ ಕುರಿ ಅಲ್ಲ, 'ತುಪ್ಪುಳ ಹೊತ್ತ ಶ್ವೇತ ಪ್ರಜೆಗಳು'. ಮೀನು 'ಜಲವಾಸಿ ಬಳಗ'. ಹುಡುಗಿ ಯಾರೇ ಆಗಲಿ, ಪದ್ಯದೊಳಗೆ ಕಾಲಿಟ್ಟ ಕೂಡಲೆ ಅವಳಿಗೊಂದು ಗ್ರೀಕ್ ಹೆಸರು ಬಂದುಬಿಡ್ತಿತ್ತು, ಕಾಲಿನ ಚಪ್ಪಲಿ ಹೋಗಿಬಿಡ್ತಿತ್ತು.

ಅವನ ಅತ್ತೆ ಲೆಟಿಸ್. ನಾಲ್ಕು ವರ್ಷದ ತಬ್ಬಲಿಯನ್ನ ತಂದು ಸಾಕಿದವಳು. ಮದುವೆ ಆಗದೆ, ಮಂಡಿನೋವು ಲೆಕ್ಕಿಸದೆ, ಎಂಬತ್ತೊಂದು ವರ್ಷ ಬದುಕಿದಳು. ಅವಳಿಗೆ ಜಗತ್ತಲ್ಲಿ ಇದ್ದದ್ದು ಎರಡು ಪ್ರೀತಿ: ಹಂಫ್ರಿ, ಮತ್ತೆ ತೋಪಿನ ಗೋಡೆಗೆ ಸಾಲಾಗಿ ಇಟ್ಟ ಏಳು ಹುಲ್ಲಿನ ಬುಟ್ಟಿಗಳಲ್ಲಿದ್ದ ಜೇನು. ಯಾವುದು ಮೊದಲು ಅಂತ ಹಂಫ್ರಿ ಕೇಳಿರಲಿಲ್ಲ. ಕೇಳೋದು ಕ್ಷೇಮ ಅಲ್ಲ ಅನ್ನಿಸ್ತಿತ್ತು.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅತ್ತೆ ತೀರಿಕೊಂಡಳು. ಅದರ ಹಿಂದಿನ ವಾರವೇ ಅವನನ್ನ ಹಾಸಿಗೆ ಹತ್ರ ಕರೆದು ಒಂದೇ ಮಾತು ಹೇಳಿದ್ದಳು.

"ಹಂಫ್ರಿ, ನಾನು ಹೋದ್ರೆ ಜೇನಿಗೆ ನೀನೇ ಹೇಳ್ಬೇಕು ಕಣೋ. ಅಡುಗೆಯ ಟ್ಯಾಬಿತಾ ಕೈಲಿ ಹೇಳಿಸ್ಬೇಡ. ಮನೆ ಯಜಮಾನನೇ ಹೇಳ್ಬೇಕು. ನಂಗೆ ಇನ್ನೇನೂ ಬೇಡ."

"ಹೇಳ್ತೀನಿ ಅತ್ತೆ."

"ಪ್ರಮಾಣ?"

"ಪ್ರಮಾಣ."

ಆ ಸೀಮೇಲಿ ಇದು ಮಕ್ಕಳಿಗೂ ಗೊತ್ತಿರೋ ಸಂಗತಿ. ಮನೇಲಿ ಸಾವಾದ್ರೆ, ಹೆಣ ಎತ್ತೋಕೆ ಮುಂಚೆ, ಮನೆ ಬೀಗದ ಕೈಯಿಂದ ಒಂದೊಂದು ಗೂಡಿಗೂ ಮೂರು ಸಲ ತಟ್ಟಿ ಸುದ್ದಿ ಹೇಳ್ಬೇಕು. ಯಾರು ಹೋದ್ರು, ಇನ್ನು ಯಜಮಾನ ಯಾರು, ಅಷ್ಟೇ. ಕಪ್ಪು ಬಟ್ಟೆ ಕಟ್ಟಬೇಕು. ಹೇಳದೆ ಹೋದ್ರೆ ಜೇನಿಗೆ ಅವಮಾನ ಆಗುತ್ತೆ. ಒಂದೋ ಸಾಯುತ್ತೆ, ಇಲ್ಲಾ ಮನೆ ಬಿಟ್ಟು ಹೋಗುತ್ತೆ. ಜೇನು ಬಿಟ್ಟ ಮನೆಯಲ್ಲಿ ಬುದ್ಧಿ ಇರೋರು ಯಾರೂ ಉಳಿಯಲ್ಲ.

ಹಂಫ್ರಿ ಹೇಳದೆ ಇರ್ತಾನಾ? ಎರಡು ದಿನ ಕೋಣೆ ಬಾಗಿಲು ಹಾಕ್ಕೊಂಡು ಕೂತು ಇನ್ನೂರ ಹನ್ನೆರಡು ಸಾಲು ಬರೆದ. ಬುಧವಾರ ಬೆಳಿಗ್ಗೆ, ಶವಪೆಟ್ಟಿಗೆ ಎತ್ತೋಕೆ ಒಂದು ಗಂಟೆ ಮುಂಚೆ, ಕೈಯಲ್ಲಿ ಬೀಗದ ಕೈ, ಕಂಕುಳಲ್ಲಿ ಕಾಗದ ಹಿಡ್ಕೊಂಡು ತೋಪಿಗೆ ಹೋಗಿ, ಏಳು ಗೂಡಿಗೂ ತಟ್ಟಿ, ಗಂಟಲು ಸರಿಮಾಡಿಕೊಂಡ.

"ಎಲೆ ಮಧುಪ ಸಂಕುಲಮೆ, ಕೇಳಿಂ! ಕ್ಲೋರಿಂಡೆಯೆಂಬ ಬನದೇವಿ ನಸುನಗುತೆ ಬೆಳ್ಮುಗಿಲ ನಾಡಿಂಗೆಯ್ದಿದಳ್..."

ಜೇನು ಕೇಳ್ತು. ಹೂವಿಗೆ ಹೋಗಬೇಕಾದ ಹೊತ್ತು, ಆದರೂ ಮುಕ್ಕಾಲು ಗಂಟೆ ಗೂಡಿನ ಬಾಯಲ್ಲಿ ಸಾಲಾಗಿ ನಿಂತು ಕೇಳ್ತು. ಕೊನೆಯಲ್ಲಿ ಒಂದು ಮುದಿ ಜೇನುನೊಣ ಜಾರಿ ಕೆಳಗೆ ಬಿತ್ತು. ಭಾವೋದ್ವೇಗ ಅಂತ ಹಂಫ್ರಿ ಅಂದ್ಕೊಂಡ.

ಅಡುಗೆಮನೆ ಕಿಟಕಿಯಲ್ಲಿ ಟ್ಯಾಬಿತಾ ನಿಂತಿದ್ಲು. ಮೂವತ್ತು ವರ್ಷದಿಂದ ಆ ಮನೆಯ ಅಡುಗೆ, ಬೀಗದ ಕೈ, ಬೈಗುಳ ಎಲ್ಲಾ ಅವಳದ್ದೇ. ನಲವತ್ತೇಳು ವರ್ಷದ ಹಂಫ್ರಿ ಅವಳಿಗೆ ಇನ್ನೂ 'ಚಿಕ್ಕ ಯಜಮಾನ'.

"ಚಿಕ್ಕ ಯಜಮಾನ್ರೇ, ಯಾರ್ರೀ ಅದು ಕ್ಲೋರಿಂಡಾ?"

"ಅತ್ತೆ."

"ಲೆಟಿಸ್ ಅಮ್ಮೋರಾ? ಅವರು ಯಾವತ್ತು ತೊರೆ ಪಕ್ಕ ಬರಿಗಾಲಲ್ಲಿ ಕುಣಿದಿದ್ರು? ಅವರಿಗೆ ಮೆಟ್ಟಿಲು ಇಳಿಯೋಕೇ ನಾನು ಕೈ ಕೊಡ್ಬೇಕಿತ್ತು."

"ಅದು ಅಲಂಕಾರ ಟ್ಯಾಬಿತಾ."

"ಸತ್ರು ಅಂತ ಯಾವ ಸಾಲಲ್ಲಿದೆ?"

ಹಂಫ್ರಿ ಕಾಗದ ತಿರುವಿ ನೋಡಿದ. ಮತ್ತೊಂದ್ಸಲ ನೋಡಿದ.

"ನೂರ ನಲವತ್ತನೇ ಸಾಲಲ್ಲಿ ಸೂಚನೆ ಇದೆ."

"ಸೂಚನೆ! ಜೇನು ಏನು ಪಾಠಶಾಲೆಗೆ ಹೋಗಿ ಬಂದಿದ್ಯಾ? ಹೋಗಿ, ಹೋಗಿ ಬಾಯಿಬಿಟ್ಟು ಹೇಳಿ. ಯಜಮಾನಿ ಸತ್ರು, ಇನ್ಮೇಲೆ ನಾನು ಯಜಮಾನ, ಇಲ್ಲೇ ಇದ್ಬಿಡಿ. ಮೂರು ಮಾತು. ನನ್ನ ಮೊಟ್ಟೆಕೋಳಿ ಕೂಡ ಹೇಳುತ್ತೆ."

ಹಂಫ್ರಿ ಮತ್ತೆ ತೋಪಿಗೆ ಹೋದ. ಮೊದಲನೇ ಗೂಡಿಗೆ ತಟ್ಟಿದ. ಬಾಯಿ ತೆಗೆದ. 'ಅತ್ತೆ' ಅನ್ನೋದು ಬಂತು. ಮುಂದಿನದು ಬರಲಿಲ್ಲ. ಬನದೇವಿ ಮುಗಿಲಿಗೆ ಹೋಗೋದು ಬೇರೆ. ಅವಳು ಹೋಗ್ತಾಳೆ, ಬರ್ತಾಳೆ, ಅದು ಅವಳ ಅಭ್ಯಾಸ. ಅತ್ತೆಗೆ ಹಾಗೆ ಅಭ್ಯಾಸ ಇರಲಿಲ್ಲ. ಕಪ್ಪು ರಿಬ್ಬನ್ನುಗಳನ್ನ ಕಟ್ಟಿ ವಾಪಸು ಬಂದ.

"ಹೇಳಿದ್ರಾ?"

"ಹ್ಞೂ" ಅಂದ ಹಂಫ್ರಿ.

ಪದ್ಯದಲ್ಲಿ ಬಿಟ್ರೆ ಅವನು ಹೇಳಿದ ಸುಳ್ಳು ಅದೊಂದೇ ಇರಬೇಕು.

ಮಣ್ಣು ಮಾಡಿದ್ದಾಯ್ತು. ಪಾದ್ರಿ ಕ್ವಿಲ್ಟರ್ ಪುಸ್ತಕದಲ್ಲಿದ್ದ ಮಾತೆಲ್ಲಾ ಓದಿದ. ಹಂಫ್ರಿ ಏನೂ ಹೇಳೋ ಅಗತ್ಯ ಬೀಳಲಿಲ್ಲ. ಮಾರನೇ ದಿನ ಗುರುವಾರ, ಹತ್ತು ಗಂಟೆ ಬಿಸಿಲಲ್ಲಿ, ಹಂಫ್ರಿ ಕಾಫಿ ಕುಡೀತಾ ಕೂತಿದ್ದಾಗ ಮನೆಯೊಳಗೆ ಕತ್ತಲಾಯ್ತು. ಮೋಡ ಅಂದ್ಕೊಂಡ. ಮೋಡ ಗುಂಯ್ ಅಂತಿತ್ತು.

ಏಳೂ ಗೂಡು ಒಟ್ಟಿಗೆ ಎದ್ದಿತ್ತು. ಏಳು ಗೂಡು ಒಟ್ಟಿಗೆ ಏಳಲ್ಲ ಅಂತ ಜೇನು ಸಾಕಿದವರು ಹೇಳ್ತಾರೆ. ಅವರು ಹೇಳೋದು ಸರಿ. ಅವತ್ತು ಎದ್ದಿದ್ದೂ ಸರಿ.

ಟ್ಯಾಬಿತಾ ಅಡುಗೆಮನೆಯಿಂದ ಹೊರಗೆ ಬಂದು ಆಕಾಶ ನೋಡಿದ್ಲು. ಆಮೇಲೆ ಹಂಫ್ರಿ ಮುಖ ನೋಡಿದ್ಲು. ಆಕಾಶವೇ ವಾಸಿ ಅನ್ನಿಸಿರಬೇಕು.

"ನೀವು ಹೇಳಿಲ್ಲ."

"ಟ್ಯಾಬಿತಾ..."

"ಹೇಳಿಲ್ಲ ನೀವು! ಜೇನು ಬಿಟ್ಟ ಮನೇಲಿ ನಾನಿರಲ್ಲ. ಲಡ್ಲೋ ಪೇಟೇಲಿ ನನ್ನ ತಂಗಿ ಇದಾಳೆ, ಇವತ್ತೇ ಹೊರಟೆ. ಅಮ್ಮೋರು ನಿಮ್ಮನ್ನ ಕೇಳಿದ್ದು ಒಂದೇ ಒಂದು. ಅವರು ಹೋಗಿ ನಾಲ್ಕು ದಿನ ಆಗಿಲ್ಲ, ಮನೆ ಖಾಲಿ ಮಾಡಿಸಿಬಿಟ್ರಿ!"

ಹಂಫ್ರಿ ಆ ಮನೆ ನೋಡಿದ. ಟ್ಯಾಬಿತಾ ಇಲ್ಲದ ಅಡುಗೆಮನೆ, ಜೇನಿಲ್ಲದ ಗೋಡೆ, ಅತ್ತೆ ಇಲ್ಲದ ಕುರ್ಚಿ. ಬಾಕಿ ಉಳಿಯೋದು ಬೇಲಿ ಕಾವ್ಯದ ತೊಂಬತ್ತಾರು ಪ್ರತಿ ಮತ್ತೆ ತಾನು. ಜೀವನದಲ್ಲಿ ಮೊದಲ ಸಲ ಅವನಿಗೆ ಆ ಕಾವ್ಯದ ಮೇಲೆ ಭಯ ಹುಟ್ಟಿತು.

"ಏನ್ಮಾಡ್ಲಿ?"

"ಏನ್ಮಾಡ್ಲಿ ಅಂತೆ! ಬಡೀರಿ!" ಅಂತ ಟ್ಯಾಬಿತಾ ಹಣ್ಣಿನ ಪಾಕ ಕಾಯಿಸೋ ದೊಡ್ಡ ತಾಮ್ರದ ಬೋಗುಣಿ ಒಂದು ಕೈಗೆ, ಸೌಟು ಇನ್ನೊಂದು ಕೈಗೆ ತುರುಕಿದ್ಲು. "ಕಣ್ಣು ತಪ್ಪಿಸ್ಬೇಡಿ. ಬಡಿಯೋದು ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಯಾರ ಜಾಗದಲ್ಲಿ ಕೂರುತ್ತೋ ಅವರದ್ದು."

ಅದು ಆ ಊರ ಕಾನೂನು. ಹಾರಿಹೋದ ಜೇನಿನ ಹಿಂದೆ ಯಜಮಾನ ಲೋಹ ಬಡೀತಾ ಓಡಿದ್ರೆ ಯಾರ ಹೊಲಕ್ಕಾದ್ರೂ ನುಗ್ಗಬಹುದು. ಹಂಫ್ರಿ ನುಗ್ಗಿದ. ರೇಷ್ಮೆ ಕಾಲುಚೀಲ, ಬಕ್ಕಲ್ ಶೂ, ಬೆಳಗಿನ ನಿಲುವಂಗಿ, ಠಣ್ ಠಣ್ ಠಣ್. ತಾನು ಎಂಟು ಸರ್ಗದಲ್ಲಿ ಹಾಡಿ ಹೊಗಳಿದ ಬೇಲಿಯೊಳಗೆ ತೂರಿದಾಗ ಅದರಲ್ಲಿ ಮುಳ್ಳಿದೆ ಅಂತ ಗೊತ್ತಾಯ್ತು. ಎಂಟು ಸರ್ಗದಲ್ಲಿ ಎಲ್ಲೂ ಮುಳ್ಳಿನ ಮಾತು ಬಂದಿರಲಿಲ್ಲ.

ಎರಡನೇ ಹೊಲದಲ್ಲಿ ಒಂದು ಗೂಳಿ. ಆರು ಜನರನ್ನ ಮರ ಹತ್ತಿಸಿದ ಗೂಳಿ ಅದು. ತಲೆ ಬಗ್ಗಿಸಿ ಬಂತು, ಹತ್ತಿರ ಬಂದು ಯಾರು ಅಂತ ನೋಡ್ತು, ಹಾಗೇ ತಿರುಗಿ ಐದಡಿ ಬೇಲಿ ಹಾರಿ ಓಡಿಹೋಯ್ತು. ಹೋದ ವರ್ಷ ಹಂಫ್ರಿ ಅದರ ಮುಂದೆ ನಿಂತು ಮೂರನೇ ಸರ್ಗ ಓದಿದ್ದ.

ಲಗ್ ಹೊಳೆ ಅಡ್ಡ ಬಂತು. ಸೊಂಟದ ತನಕ ನೀರು. ಬೋಗುಣಿ ತಲೆ ಮೇಲೆ ಎತ್ತಿಹಿಡಿದು, ಸೌಟಲ್ಲಿ ಬಡೀತಾನೇ ದಾಟಿದ. ಒಂದೆರಡು ಏಟು ತಪ್ಪಿ ತಲೆಗೇ ಬಿತ್ತು. ಒಂದು ಶೂ ಹೊಳೆಗೆ ಹೋಯ್ತು. ಜೇನು ಮಾತ್ರ ನೇರ ಪಾದ್ರಿ ಮನೆ ಕಡೆ ಹೊರಟಿತ್ತು.

ಪಾದ್ರಿ ಕ್ವಿಲ್ಟರ್ ಒಳ್ಳೆ ಮನುಷ್ಯ, ಆದರೆ ಲೆಟಿಸ್ ಅತ್ತೆಯ ಜೇನಿನ ಮೇಲೆ ಇಪ್ಪತ್ತು ವರ್ಷದಿಂದ ಅವನಿಗೆ ಕಣ್ಣು. ಅವತ್ತು ತೋಟದ ಎಲೆಕೋಸಿನ ಮಡಿಗಳ ನಡುವೆ ಅಡ್ಡಾಡ್ತಾ, ಭಾನುವಾರದ ಉಪದೇಶ ಗಟ್ಟಿಯಾಗಿ ಅಭ್ಯಾಸ ಮಾಡ್ತಿದ್ದ. ಗತ್ತು ಬರಲಿ ಅಂತ ಚರ್ಚಿಗೆ ಹೋಗುವಾಗ ಹಾಕೋ ಬಿಳೀ ಟೋಪನ್ನು, ಸುರುಳಿ ಸುರುಳಿ ಕೂದಲಿಂದು, ತಲೆ ಮೇಲೆ ಇಟ್ಕೊಂಡಿದ್ದ. ಉಪದೇಶದ ವಿಷಯ ಪರರ ಸೊತ್ತಿಗೆ ಆಸೆಪಡಬಾರದು ಅಂತ. 'ನೆರೆಯವನ ಎತ್ತು, ನೆರೆಯವನ ಕತ್ತೆ' ಅನ್ನೋ ಹೊತ್ತಿಗೆ ನೆರೆಯವನ ಜೇನು ಬಂದು ಟೋಪನ್ನಿನ ಮೇಲೆ ಕೂತ್ಕೊಳ್ತು. ಪೂರ್ತಿ. ಏಳು ಗೂಡೂ.

ಹಂಫ್ರಿ ಬೇಲಿ ದಾಟಿ ಬಿದ್ದು ಎದ್ದು ನೋಡ್ತಾನೆ, ಎಲೆಕೋಸಿನ ಮಧ್ಯೆ ಕಪ್ಪು ಗೋಪುರ ಒಂದು ನಿಂತಿದೆ. ಅದರ ಕೆಳಗೆ ಪಾದ್ರಿ.

"ಹಂಫ್ರಿ" ಅಂದ ಪಾದ್ರಿ, ತುಟಿ ಅಲ್ಲಾಡಿಸದೆ. "ನನ್ನ ತೋಟದಲ್ಲಿ ಕೂತಿದೆ. ಇನ್ನು ನನ್ನದು."

"ಇಲ್ಲ ಸ್ವಾಮಿ. ಬಡೀತಾನೇ ಬಂದಿದೀನಿ."

"ಹೊಳೆಯಲ್ಲಿ ಒಂದೆರಡು ಏಟು ಕೇಳಿಸ್ಲಿಲ್ಲ."

"ಅದು ತಲೆ ಮೇಲೆ ಬಿತ್ತು."

"ತಲೆ ಲೋಹ ಅಲ್ಲ."

"ಟ್ಯಾಬಿತಾ ಒಪ್ಪಲ್ಲ."

ಅಷ್ಟರಲ್ಲಿ ಗೋಪುರ ಸ್ವಲ್ಪ ಕುಸಿದು ಪಾದ್ರಿಯ ಹುಬ್ಬಿನ ತನಕ ಬಂತು. ಒಂದು ನೊಣ ಮೂಗಿನ ತುದಿಗೆ ನಡ್ಕೊಂಡು ಹೋಗಿ ಆ ಕಡೆ ಈ ಕಡೆ ನೋಡ್ತು.

"ನಿನ್ನದೇ ಅಂತ ಇಟ್ಕೋ" ಅಂದ ಪಾದ್ರಿ. "ಯೋಚಿಸಿ ನೋಡಿದ್ರೆ ನ್ಯಾಯ ನಿನ್ನ ಕಡೇನೇ ಇದೆ. ಬೇಗ ತಗೊಂಡ್ಹೋಗು ಮಾರಾಯ."

ಏದುಸಿರು ಬಿಡ್ತಾ ಟ್ಯಾಬಿತಾ ಬಂದಳು. ಸುತ್ತು ದಾರೀಲಿ ಸೇತುವೆ ಮೇಲಿಂದ ಬಂದಿದ್ಲು, ಅವಳಿಗೇನು ಕಾನೂನಿನ ಕಟ್ಟಿಲ್ಲವಲ್ಲ. ಪಾದ್ರಿಗೆ ಮಂಡಿ ಬಗ್ಗಿಸಿ ನಮಸ್ಕಾರ ಮಾಡಿ, ಜೇನನ್ನ ಒಂದು ಸುತ್ತು ನೋಡಿ, ಸೊಂಟದ ಮೇಲೆ ಕೈ ಇಟ್ಲು.

"ಬುಟ್ಟಿ ತಂದು ಅಲ್ಲಾಡಿಸಿ ಹಾಕ್ಕೊಂಡು ಹೋದ್ರೂ ಪ್ರಯೋಜನ ಇಲ್ಲ. ನಾಳೆ ಮತ್ತೆ ಎದ್ದು ಹೋಗುತ್ತೆ. ಹೇಳಿದ್ರೆ ಮಾತ್ರ ನಿಲ್ಲುತ್ತೆ. ಹೇಳಿ ಚಿಕ್ಕ ಯಜಮಾನ್ರೇ."

"ಇಲ್ಲೇನಾ?"

"ಜೇನು ಎಲ್ಲಿದ್ಯೋ ಅಲ್ಲೇ. ಮೊದಲು ಮೂರು ಸಲ ತಟ್ಟಬೇಕು."

"ಎಲ್ಲಿಗೆ ತಟ್ತೀರಿ?" ಅಂತ ಪಾದ್ರಿ ಕೇಳಿದ. ಅದು ಸಹಜವಾದ ಪ್ರಶ್ನೆಯೇ.

ಸ್ವಲ್ಪ ಚರ್ಚೆ ಆಯ್ತು. ಕೊನೆಗೆ ಪಾದ್ರಿ ಎದೆಗೆ ಅವಚಿಕೊಂಡಿದ್ದ ಉಪದೇಶದ ಪುಸ್ತಕಕ್ಕೆ ತಟ್ಟೋದು ಅಂತಾಯ್ತು. ಹಂಫ್ರಿ ನಿಲುವಂಗಿ ಜೇಬಿಂದ ಬೀಗದ ಕೈ ತೆಗೆದು ತಟ್ಟಿದ. ಗುಂಯ್ ಅನ್ನೋದು ನಿಂತುಹೋಯ್ತು. ಜೇನು ಕಾಯ್ತಾ ಇತ್ತು.

"ಎಲೆ ಮಧುಪ..." ಅಂತ ಶುರುಮಾಡಿದ.

"ಬೇಡ!" ಅಂದ ಪಾದ್ರಿ. "ಹಂಫ್ರಿ, ನಿನ್ನ ದಮ್ಮಯ್ಯ, ಕಾವ್ಯ ಬೇಡ. ಒಂದು ನನ್ನ ಕಿವಿ ಒಳಗೆ ಹೊರಟಿದೆ."

"ನಂಗೆ ಬೇರೆ ಥರ ಹೇಳೋಕೆ ಬರಲ್ಲ ಸ್ವಾಮಿ."

"ಬರಲ್ಲ ಅಂತಲ್ಲ" ಅಂದ್ಲು ಟ್ಯಾಬಿತಾ. ಅವಳ ದನಿ ಈಗ ಬೈಯೋ ದನಿ ಆಗಿರಲಿಲ್ಲ. "ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ. ನಂಗೇನು ಗೊತ್ತಿಲ್ವಾ? ಮೂರು ದಿನದಿಂದ ನಾನೂ ಬೆಳಿಗ್ಗೆ ಅಮ್ಮೋರಿಗೆ ಅಂತ ಎರಡು ಮೊಟ್ಟೆ ಬೇಯಿಸ್ತಿದೀನಿ. ಹೇಳಿ. ನಾನಿಲ್ಲೇ ಇದೀನಿ."

ಹಂಫ್ರಿ ಕಾಲ ಕೆಳಗಿನ ಎಲೆಕೋಸು ನೋಡಿದ. ಅದು ಎಲೆಕೋಸಿನ ಹಾಗೇ ಇತ್ತು. ಒಂದು ಕಾಲಲ್ಲಿ ಶೂ ಇರಲಿಲ್ಲ, ಕೆಸರು ತಣ್ಣಗಿತ್ತು.

"ಲೆಟಿಸ್ ಅತ್ತೆ ಸತ್ಲು" ಅಂದ.

ಜೇನು ಅಲ್ಲಾಡಲಿಲ್ಲ. ಅವನು ನಿಲ್ಲಿಸ್ಲಿಲ್ಲ.

"ಸೋಮವಾರ ಬೆಳಿಗ್ಗೆ ಸತ್ಲು. ಒಂದು ಮೊಟ್ಟೆ ತಿಂದಿದ್ಲು. ಇನ್ನೊಂದು ತಗೊಂಬಾ ಅಂದ್ಲು. ತರೋಕೆ ಹೋದೆ. ಬಂದಾಗ ಇರ್ಲಿಲ್ಲ. ಮೊಟ್ಟೆ ಕೈಯಲ್ಲೇ ಇತ್ತು, ಬಿಸಿ. ಏನ್ಮಾಡ್ಬೇಕು ಅಂತ ಗೊತ್ತಾಗದೆ ಜೇಬಿಗೆ ಹಾಕ್ಕೊಂಡೆ."

ಮೂಗು ಒರೆಸ್ಕೊಂಡ. ಒರೆಸಿದ್ದು ಸೌಟು ಹಿಡಿದ ಕೈಯಲ್ಲಿ.

"ಇನ್ಮೇಲೆ ನಾನು ನಿಮ್ಮ ಯಜಮಾನ. ಜೇನು ಸಾಕೋಕೆ ನಂಗೆ ಬರಲ್ಲ. ಟ್ಯಾಬಿತಾಗೆ ಬರುತ್ತೆ. ಅವಳೂ ಹೋಗ್ತೀನಿ ಅಂತಿದಾಳೆ. ಇದ್ಬಿಡಿ. ಅವಳಿಗೂ ಹೇಳಿ ಇರೋಕೆ."

ಪಾದ್ರಿ ಕಣ್ಣು ಮುಚ್ಚಿದ್ದ. ಪ್ರಾರ್ಥನೆಗೋ, ರೆಪ್ಪೆ ಮೇಲಿನ ನೊಣಕ್ಕೋ ಹೇಳೋಕಾಗಲ್ಲ. ಆಮೇಲೆ ಟೋಪನ್ನಿನ ತುದಿಯಿಂದ ಒಂದು ಎದ್ದಿತು. ಅದರ ಹಿಂದೆ ನಾಲ್ಕು. ಆಮೇಲೆ ಗೋಪುರವೇ ಎದ್ದು, ತೋಟದ ಮೇಲೆ ಒಂದು ಸುತ್ತು ಹಾಕಿ, ಹೊಳೆ ದಾಟಿ, ಬಂದ ದಾರೀಲೇ ಹೊರಟುಹೋಯ್ತು. ಏಳು ಗುಂಪು ಏಳು ಸಾಲಾಗಿ, ತಂತಮ್ಮ ಗೂಡಿಗೆ, ಒಂದೂ ಮನೆ ತಪ್ಪದೆ. ಹೊಲದಲ್ಲಿದ್ದ ಕುರುಬ ಕಣ್ಣಾರೆ ನೋಡಿದಾನೆ. ಅವನು ಕುಡಿಯದ ಮನುಷ್ಯ, ಗುರುವಾರದ ಮಟ್ಟಿಗೆ.

ಪಾದ್ರಿ ಎಲೆಕೋಸಿನ ಮೇಲೆ ಹಾಗೇ ಕೂತ. ಒಂದೂ ಕಚ್ಚಿರಲಿಲ್ಲ.

"ಹಂಫ್ರಿ, ಇಪ್ಪತ್ತು ವರ್ಷದಿಂದ ನಿನ್ನ ಬಾಯಿಂದ ಕೇಳ್ತಾ ಬಂದಿದೀನಿ. ಇವತ್ತೇ ನಂಗೆ ಪೂರ್ತಿ ಅರ್ಥ ಆಗಿದ್ದು."

"ಚೆನ್ನಾಗಿತ್ತಾ ಸ್ವಾಮಿ?" ಅಂತ ಹಂಫ್ರಿ ಕೇಳೇಬಿಟ್ಟ. ಕವಿ ಕವಿಯೇ.

"ಚಿಕ್ಕದಾಗಿತ್ತು" ಅಂದ ಪಾದ್ರಿ. ಎದ್ದು ಅವನ ಭುಜದ ಮೇಲೆ ಕೈ ಇಟ್ಟು, "ನಂಗೂ ಅವಳು ಇಲ್ಲ ಅನ್ನೋದು ಈಗಲೇ ಗೊತ್ತಾಗಿದ್ದು. ಪುಸ್ತಕದಿಂದ ಓದ್ತಾ ಇದ್ರೆ ಗೊತ್ತಾಗಲ್ಲ ನೋಡು" ಅಂದ. ಆಮೇಲೆ ಟೋಪನ್ನು ತೆಗೆದು ಮೂಸಿ ನೋಡಿ, ನೆಕ್ಕಬೇಕು ಅನ್ನಿಸಿದ್ದನ್ನ ತಡ್ಕೊಂಡು ಒಳಗೆ ಹೋದ.

ಮನೆಗೆ ವಾಪಸು ಬರುವಾಗ ಇಬ್ಬರೂ ಸೇತುವೆ ದಾರೀಲಿ ಬಂದ್ರು. ಹಂಫ್ರಿ ಒಂದು ಶೂನಲ್ಲಿ ಕುಂಟ್ತಾ, ಬೋಗುಣಿ ಕಂಕುಳಲ್ಲಿ ಇಟ್ಕೊಂಡು. ಟ್ಯಾಬಿತಾ ದಾರಿಯುದ್ದಕ್ಕೂ ಬೋಗುಣಿ ಎಲ್ಲೆಲ್ಲಿ ನೆಗ್ಗಿದೆ ಅಂತ ಹೇಳ್ತಾ ಬಂದಳು. ಲಡ್ಲೋ ಮಾತು ಅವಳೂ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಮಧ್ಯಾಹ್ನ ತೋಪಿನ ಬೆಂಚಿನ ಮೇಲೆ ಕೂತ್ರು. ಏಳು ಬುಟ್ಟಿಗಳ ಮುಂದೆ ಟ್ಯಾಬಿತಾ ಸಾವಿನ ಮನೆಯ ಕೇಕು ಒಂದೊಂದು ತುಂಡು ಇಟ್ಲು, ಅತ್ತೆ ಕೈಯಾರೆ ಮಾಡಿದ್ದ ಜೇನಿನ ಮದ್ಯ ಒಂದೊಂದು ಚಮಚ ಸುರಿದ್ಲು. ಉಳಿದ ಮದ್ಯವನ್ನ ಎರಡು ಲೋಟಕ್ಕೆ ಹಾಕಿದ್ಲು. ಜೇನು ಬಿಳೀ ಕ್ಲೋವರ್ ಹೂವಿಗೆ ಹೋಗೋದು ಬರೋದು ಮಾಡ್ತಿತ್ತು, ಏನೂ ಆಗಿಲ್ಲ ಅನ್ನೋ ಹಾಗೆ.

"ಅಮ್ಮೋರು ಒಂದ್ಸಲ ನಂಗೆ ಹೇಳಿದ್ರು" ಅಂದ್ಲು ಟ್ಯಾಬಿತಾ. "ನಿಮ್ಮ ಬೇಲಿ ಪುಸ್ತಕ ಮೂರು ಯಾಕೆ ತಗೊಂಡ್ರಿ ಅಂತ ಕೇಳಿದೆ. 'ಒಂದನ್ನ ಓದೋಕೆ ನೋಡಿದೆ, ಆಗಲಿಲ್ಲ ಕಣೆ, ಬೇರೆ ಪ್ರತಿಯಲ್ಲಿ ಸುಲಭವಾಗಿರಬಹುದೇನೋ ಅಂದ್ಕೊಂಡೆ' ಅಂದ್ರು."

ಹಂಫ್ರಿ ನಕ್ಕ. ಮದ್ಯ ಮೂಗಿಗೆ ಹೋಗೋ ಹಾಗೆ ನಕ್ಕ. ಸೋಮವಾರದಿಂದ ಅದೇ ಮೊದಲು. ಮುಗಿಸಿ ನೋಡಿದ್ರೆ ಅಳ್ತಿದ್ದ. ಟ್ಯಾಬಿತಾ ಬೇರೆ ಕಡೆ ನೋಡ್ತಾ ಕೇಕಿನ ತುಂಡು ಅವನ ಕಡೆ ತಳ್ಳಿದ್ಲು.

"ಇವತ್ತಿಂದು ಪದ್ಯ ಮಾಡ್ಬೇಡಿ ಚಿಕ್ಕ ಯಜಮಾನ್ರೇ. ಹೇಗಿದೆಯೋ ಹಾಗೇ ಇರ್ಲಿ."

"ಮಾಡಲ್ಲ ಟ್ಯಾಬಿತಾ."

ಮಾತಿಗೆ ತಪ್ಪೋ ಮನುಷ್ಯ ಅಲ್ಲ ಹಂಫ್ರಿ. ಶನಿವಾರದ ತನಕ ಒಂದಕ್ಷರ ಬರೀಲಿಲ್ಲ.